ಮನೆಯಲ್ಲೇ ವಿಮಾನದ ಎಂಜಿನ್ ಜೋಡಿಸಬಹುದೇ?

ಪ್ರಶ್ನೆ: ನಾನು ದಾವಣಗೆರೆಯವನು. ಈಗ ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಮನೆಯ ಗ್ಯಾರೇಜಿನಲ್ಲಿ ಎರಡು ಸೀಟಿನ ಸೋನೆಕ್ಸ್ ವಿಮಾನ ಕಟ್ಟುತ್ತಿದ್ದೇನೆ. ಅದಕ್ಕೆ ಏರೋವೀ ಎಂಜಿನ್ ಕಿಟ್ ಒಂದು ಸಿಕ್ಕಿದೆ. ಮೊದಲು ಕೊಂಡವರು ಡಬ್ಬಿಗಳನ್ನು ಬಿಚ್ಚದೆ ವರ್ಷಗಟ್ಟಲೆ ಹಾಗೇ ಇಟ್ಟಿದ್ದರಂತೆ. ಕಾಲೇಜಿನಲ್ಲಿದ್ದಾಗ ಯೆಜ್ಡಿ ಎಂಜಿನ್ ಬಿಚ್ಚಿ ಜೋಡಿಸಿದ ಅನುಭವ ಇದೆ. ಇದನ್ನೂ ನಾನೇ ಜೋಡಿಸಬಹುದಾ? ಇಲ್ಲ, ರೆಡಿ ಎಂಜಿನ್ ಕೊಳ್ಳುವುದೇ ಒಳ್ಳೆಯದಾ? ಏನೇನು ಸಲಕರಣೆ ಬೇಕು? ಸಾಮಾನ್ಯವಾಗಿ ತಪ್ಪಾಗುವುದು ಎಲ್ಲಿ?

ಉತ್ತರ: ಜೋಡಿಸಬಹುದು. ಈ ಕಿಟ್ ಮಾಡಿರುವುದೇ ಮನೆಯಲ್ಲಿ ಜೋಡಿಸುವವರಿಗಾಗಿ. ಲೇತ್ ಬೇಡ, ಮಿಲ್ಲಿಂಗ್ ಮಷಿನ್ ಬೇಡ. ಸ್ಪ್ಯಾನರ್ ಹಿಡಿದು ರೂಢಿ ಇರುವವರಿಗೆ ಕೈಕೆಲಸ ಕಷ್ಟ ಆಗುವುದಿಲ್ಲ. ಆದರೆ ನಿಮ್ಮ ಯೆಜ್ಡಿ ಅನುಭವ ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಅದರಲ್ಲಿ ವಾಲ್ವ್ ಇಲ್ಲ, ವಾಲ್ವ್ ತೆರೆಯುವ ಕ್ಯಾಮ್ ಇಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುತ್ತಿದ್ದೆವು ಅಲ್ವಾ? ಅದೇ ಆಯಿಲ್ ಒಳಗೆಲ್ಲ ಹೋಗಿ ಸವರುತ್ತಿತ್ತು. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ತಿರುಗುತ್ತಿದ್ದುದು ಬಾಲ್ ಬೇರಿಂಗು, ರೋಲರ್ ಬೇರಿಂಗುಗಳ ಮೇಲೆ. ಹೊಸ ಬೇರಿಂಗ್ ತಂದು ಬಡಿದು ಕೂರಿಸಿದರೆ ಕೆಲಸ ಮುಗಿಯಿತು, ಸಂದು ಎಷ್ಟಿದೆ ಎಂದು ಯಾರೂ ಅಳೆಯುತ್ತಿರಲಿಲ್ಲ.

ಏರೋವೀ ಬೇರೆ ಜಾತಿ. ಇಲ್ಲಿ ಕ್ರ್ಯಾಂಕ್‌ಶಾಫ್ಟ್ ಸಾದಾ ಬುಶ್ ಬೇರಿಂಗ್‌ಗಳ ಒಳಗೆ ತಿರುಗುತ್ತದೆ. ಎಂಜಿನ್ ಓಡುವಾಗ ಉಕ್ಕು ಬೇರಿಂಗನ್ನು ಮುಟ್ಟುವುದೇ ಇಲ್ಲ. ಪಂಪ್ ತಳ್ಳಿದ ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರಕ್ಕೆ ಬಿಟ್ಟ ಸಂದು ಒಂದು ಕೂದಲೆಳೆಯಷ್ಟು. ಅದು ಜಾಸ್ತಿಯಾದರೆ ಆಯಿಲ್ ಪ್ರೆಷರ್ ಬೀಳುತ್ತದೆ. ಕಡಿಮೆಯಾದರೆ ಬೇರಿಂಗ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಈ ಕೆಲಸದಲ್ಲಿ ನಟ್ಟು ಬಿಗಿಯುವುದಕ್ಕೆ ಹೋಗುವ ಹೊತ್ತು ಸ್ವಲ್ಪ. ಬಹುಪಾಲು ಹೊತ್ತು ಅಳೆಯುವುದಕ್ಕೆ, ಬರೆದಿಡುವುದಕ್ಕೆ, ಬಿಚ್ಚಿ ಮತ್ತೆ ಅಳೆಯುವುದಕ್ಕೆ ಹೋಗುತ್ತದೆ. ಅದನ್ನು ಮಾಡುವ ತಾಳ್ಮೆ ನಿಮಗಿದೆಯಾ ಎಂಬುದೊಂದೇ ನಿಜವಾದ ಪ್ರಶ್ನೆ.

ನಿಮ್ಮ ಮನೆಯಿಂದ ಡೇಟನ್ ಹತ್ತಿರವೇ ಇದೆ. ರೈಟ್ ಸಹೋದರರ ಮೊದಲ ವಿಮಾನಕ್ಕೆ ಎಂಜಿನ್ ಕಟ್ಟಿದ್ದು ಅಲ್ಲಿನ ಸೈಕಲ್ ಅಂಗಡಿಯಲ್ಲಿ. ಅದನ್ನು ಕಟ್ಟಿದವರು ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್. ಅಂಗಡಿಯಲ್ಲಿದ್ದ ಲೇತ್, ಡ್ರಿಲ್ ಪ್ರೆಸ್ ಇಟ್ಟುಕೊಂಡೇ ಸುಮಾರು ಆರು ವಾರಗಳಲ್ಲಿ ಮುಗಿಸಿದರು. 12 ಅಶ್ವಶಕ್ತಿ, ನಾಲ್ಕು ಸಿಲಿಂಡರ್, ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಕೂರುವ ಹೊರಗವಚ). 1903ರ ಫೆಬ್ರವರಿಯಲ್ಲಿ ಪರೀಕ್ಷೆಗೆ ಓಡಿಸಿದಾಗ ಬೇರಿಂಗುಗಳು ಜಾಮ್ ಆಗಿ ಆ ಕೇಸ್ ಒಡೆದೇ ಹೋಯಿತು. ಹೊಸ ಕೇಸ್ ಎರಕ ಹೊಯ್ಸಿ ಮತ್ತೆ ಕಟ್ಟಬೇಕಾಯಿತು. ವಿಮಾನದ ಎಂಜಿನ್ನಿಗೆ ಬೇರಿಂಗ್ ಅಂದರೆ ಏನು ಎಂಬುದು ಅಂದೇ ಗೊತ್ತಾಗಿತ್ತು.

ಈಗ ನಿಮ್ಮ ಎಂಜಿನ್ ವಿಷಯ. ಇದರ ಮೂಲ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಕಾರಿನ 1600 ಎಂಜಿನ್‌ನಲ್ಲಿ ಸಿಲಿಂಡರ್ ವ್ಯಾಸ 85.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಟದ ಉದ್ದ) 69 ಮಿ.ಮೀ. ನಿಮ್ಮದರಲ್ಲಿ 92 ಮತ್ತು 82. ಹಾಗಾಗಿ 2180 ಸಿಸಿ, 3400 ಆರ್‌ಪಿಎಂನಲ್ಲಿ 80 ಅಶ್ವಶಕ್ತಿ. ಯುರೋಪಿನಲ್ಲಿ 1950ರ ದಶಕದಿಂದಲೇ ಹವ್ಯಾಸಿಗಳು ಈ ಕಾರಿನ ಎಂಜಿನ್ನನ್ನು ಸಣ್ಣ ವಿಮಾನಗಳಿಗೆ ಕೂರಿಸುತ್ತಿದ್ದಾರೆ. ಸೋನೆಕ್ಸ್ ವಿನ್ಯಾಸ ಮಾಡಿದ ಜಾನ್ ಮೊನೆಟ್ ಅವರ ಹಳೆಯ ಸೋನೆರಾಯ್ ವಿಮಾನ ಹಾರಿದ್ದೂ ಇದೇ ಎಂಜಿನ್ ಮೇಲೆ. ಅಂದರೆ ಇದು ಹೊಸ ಪ್ರಯೋಗ ಏನಲ್ಲ. ಇದರ ಗುಣವೂ ದೋಷವೂ ಎಲ್ಲರಿಗೂ ಗೊತ್ತಿರುವಂಥದ್ದೇ.

ಕಾರಿನಲ್ಲಿ ಈ ಎಂಜಿನ್ ಪೂರ್ತಿ ಶಕ್ತಿ ಕೊಡುವುದು ಅಪರೂಪ, ಸಿಗ್ನಲ್ ಬಿಟ್ಟಾಗ, ಏರು ಹತ್ತುವಾಗ ಅಷ್ಟೇ. ವಿಮಾನದಲ್ಲಿ ಏರುವಾಗ ನಿಮಿಷಗಟ್ಟಲೆ ಪೂರ್ತಿ ಶಕ್ತಿ, ಆಮೇಲೂ ಗಂಟೆಗಟ್ಟಲೆ ಮುಕ್ಕಾಲು ಪಾಲು ಬೇಕು. ಇನ್ನೊಂದು ಸಂಗತಿ ಇದೆ. ಬೀಟಲ್ ಕ್ರ್ಯಾಂಕ್‌ನ ಗಟ್ಟಿ ತುದಿ ಫ್ಲೈವೀಲ್ (ಭಾರದ ಚಕ್ರ) ಕಡೆಯದು, ಅಲ್ಲಿನ ಬೇರಿಂಗ್ 55 ಮಿ.ಮೀ. ಇನ್ನೊಂದು ತುದಿಯಲ್ಲಿ ಕಾರಿಗೆ ಬರೀ ಫ್ಯಾನ್ ಬೆಲ್ಟಿನ ಪುಲ್ಲಿ ಇರುತ್ತದೆ, ಬೇರಿಂಗ್ 40 ಮಿ.ಮೀ. ಮಾತ್ರ. ಏರೋವೀಯಲ್ಲಿ ಪ್ರೊಪೆಲರ್ ಕೂರುವುದು ಈ ಸಣ್ಣ ತುದಿಗೆ. ಆದ್ದರಿಂದ ಪ್ರೊಪೆಲರ್ ಹಿಡಿಯುವ ಹಬ್ ಕೂರಿಸುವ ಕೆಲಸಕ್ಕೆ ಅಷ್ಟು ಮಹತ್ವ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಪುಲ್ಲಿ ತುದಿಯಲ್ಲಿ ಪ್ರೊಪೆಲರ್ ಇರುವುದರಿಂದ ಅದು ಪೈಲಟ್ ಕಣ್ಣಿಗೆ ಎಡಕ್ಕೆ ತಿರುಗುತ್ತದೆ. ನೀವು ಹಾರಾಟ ಕಲಿತ ವಿಮಾನದಲ್ಲಿ ಲೈಕಮಿಂಗ್ ಕಂಪನಿಯ ಎಂಜಿನ್ ಇದ್ದರೆ ಟೇಕಾಫ್‌ನಲ್ಲಿ ಬಲ ರಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ರೂಢಿ ಆಗಿರುತ್ತದೆ. ಇದರಲ್ಲಿ ಎಡ ರಡರ್ ಬೇಕು. ಮೊದಲ ಹಾರಾಟಕ್ಕೆ ಮುಂಚೆ, ಇದೇ ಎಂಜಿನ್ ಇರುವ ಇನ್ನೊಬ್ಬರ ವಿಮಾನದಲ್ಲಿ ಒಮ್ಮೆ ಕೂತು ಬನ್ನಿ.

ಕಾನೂನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ ಹವ್ಯಾಸಿ ವಿಮಾನದ ಬಹುಭಾಗವನ್ನು ಕಟ್ಟುವವರೇ ಮಾಡಿರಬೇಕು. ಆ ಲೆಕ್ಕಕ್ಕೆ ಎಂಜಿನ್ ಸೇರುವುದಿಲ್ಲ. ರೆಡಿ ಎಂಜಿನ್ ಕೊಂಡರೆ ನಿಮಗೇನೂ ನಷ್ಟವಿಲ್ಲ, ಜೋಡಿಸಿದರೆ ಹೆಚ್ಚು ಅಂಕವೂ ಇಲ್ಲ. ಪರೀಕ್ಷಾ ಹಾರಾಟದ ಅವಧಿ ಸರ್ಕಾರದ ಪ್ರಮಾಣಪತ್ರ ಪಡೆದ ಎಂಜಿನ್ ಮತ್ತು ಪ್ರೊಪೆಲರ್ ಜೋಡಿಗೆ ವಾಡಿಕೆಯಂತೆ 25 ಗಂಟೆ, ನಿಮ್ಮಂಥ ಎಂಜಿನ್ನಿಗೆ 40 ಗಂಟೆ. ಆ ಅವಧಿಯನ್ನು ಹೊರೆ ಅಂದುಕೊಳ್ಳಬೇಡಿ. ಎಂಜಿನ್ ತನ್ನ ದೋಷಗಳನ್ನು ತೋರಿಸುವುದು ಆಗಲೇ.

ಡಬ್ಬಿ ವರ್ಷಗಟ್ಟಲೆ ಬಿದ್ದಿತ್ತು ಅಂದಿರಿ. ಮೊದಲು ಕಿಟ್‌ನ ಪಟ್ಟಿ ಹಿಡಿದು ಪ್ರತಿ ಭಾಗವನ್ನೂ ಎಣಿಸಿ. ತಯಾರಕರು ಆಮೇಲೆ ಹೊರಡಿಸಿದ ಸರ್ವಿಸ್ ಬುಲೆಟಿನ್‌ಗಳನ್ನೆಲ್ಲ ತರಿಸಿಕೊಳ್ಳಿ. ಕೈಪಿಡಿಯ ಈಚಿನ ಆವೃತ್ತಿಯನ್ನೇ ಬಳಸಿ. ಆಯಿಲ್ ಸೀಲ್, ಓ ರಿಂಗ್, ರಬ್ಬರ್ ಪೈಪುಗಳನ್ನು ಯೋಚನೆ ಮಾಡದೆ ಬದಲಾಯಿಸಿ. ಕ್ರ್ಯಾಂಕ್, ಕ್ಯಾಮ್, ಕ್ಯಾಮ್ ತಳ್ಳುವ ಟ್ಯಾಪೆಟ್ ಮುಖಗಳ ಮೇಲೆ ತುಕ್ಕಿನ ಚುಕ್ಕಿ ಇದೆಯೇ ಎಂದು ಒಳ್ಳೆಯ ಬೆಳಕಿನಲ್ಲಿ ನೋಡಿ. ಕ್ಯಾಮ್ ಮೇಲೆ ಉಗುರಿಗೆ ತಾಕುವ ಒಂದು ಚುಕ್ಕಿ ಇದ್ದರೂ ಅದನ್ನು ಬಳಸಬೇಡಿ. ಉಜ್ಜಿ ಸರಿಮಾಡುವ ಆಸೆ ಬಿಡಿ.

ಸಲಕರಣೆ ಬಗ್ಗೆ ಕೇಳಿದಿರಿ. ಸ್ಪ್ಯಾನರ್ ಸೆಟ್ ಇದ್ದೇ ಇರುತ್ತದೆ. ಕೊಳ್ಳಬೇಕಾದವು ಅಳತೆಯ ಉಪಕರಣಗಳು. 25ರಿಂದ 50 ಮಿ.ಮೀ., 50ರಿಂದ 75 ಮಿ.ಮೀ. ಮತ್ತು 75ರಿಂದ 100 ಮಿ.ಮೀ. ಮೈಕ್ರೋಮೀಟರ್, ಒಳವ್ಯಾಸ ಅಳೆಯುವ ಬೋರ್ ಗೇಜ್, ಡಯಲ್ ಗೇಜ್, ಫೀಲರ್ ಗೇಜ್, ದೊಡ್ಡ ಮತ್ತು ಸಣ್ಣ ಬಿಗಿತಕ್ಕೆ ಬೇರೆಬೇರೆ ಟಾರ್ಕ್ ರೆಂಚ್, ಸಿಸಿ ಗೆರೆ ಇರುವ ದೊಡ್ಡ ಸಿರಿಂಜ್. ಒಂದು ಸಣ್ಣ ಮಾತು, ಆದರೆ ಬಹಳ ಜನ ಇಲ್ಲಿ ಪರದಾಡುತ್ತಾರೆ. ಡಯಲ್ ಗೇಜಿಗೆ ಆಯಸ್ಕಾಂತದ ಸ್ಟ್ಯಾಂಡ್ ಕೊಳ್ಳುತ್ತಾರೆ. ಈ ಎಂಜಿನ್‌ನ ಕೇಸ್ ಮೆಗ್ನೀಷಿಯಂ ಮಿಶ್ರಲೋಹದ್ದು. ಆಯಸ್ಕಾಂತ ಅಂಟುವುದೇ ಇಲ್ಲ! ಕಬ್ಬಿಣದ ಪಟ್ಟಿಯೊಂದನ್ನು ಕೇಸಿನ ಸ್ಟಡ್‌ಗೆ (ಕೇಸಿನಲ್ಲಿ ನೆಟ್ಟ ಬೋಲ್ಟು) ಬಿಗಿದು ಅದರ ಮೇಲೆ ಸ್ಟ್ಯಾಂಡ್ ಇಡಿ.

ಮೆಗ್ನೀಷಿಯಂ ಅಂದಮೇಲೆ ಇನ್ನೊಂದು ಎಚ್ಚರಿಕೆ. ಕೇಸ್ ಮೇಲೆ ಅರ ಆಡಿಸಬೇಕಾದ, ತೂತು ಕೊರೆಯಬೇಕಾದ ಸಂದರ್ಭ ಬಂದರೆ ಉದುರುವ ಪುಡಿಯನ್ನು ತಕ್ಷಣ ಗುಡಿಸಿ ಹೊರಗೆ ಹಾಕಿ. ಆ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಇನ್ನೂ ಭುಗಿಲೇಳುತ್ತದೆ. ಒಣ ಮರಳಿನ ಬಕೆಟ್ ಹತ್ತಿರ ಇರಲಿ.

ತೊಳೆಯುವ ಕೆಲಸವನ್ನು ಯಾರೂ ಕೆಲಸ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊಸ ಭಾಗ ಅಂದರೆ ಕ್ಲೀನ್ ಇರುತ್ತದೆ ಎಂದುಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಕೊರೆದಾಗ ಬಂದ ಚೂರು ಆಯಿಲ್ ದಾರಿಯೊಳಗೆ ಕೂತಿರಬಹುದು. ಮೊದಲ ಸಲ ಓಡಿಸಿದಾಗ ಅದು ನೇರ ಬೇರಿಂಗಿಗೆ ಹೋಗುತ್ತದೆ. ಕೇಸಿನ, ಕ್ರ್ಯಾಂಕ್‌ನ ಪ್ರತಿ ಆಯಿಲ್ ತೂತಿನೊಳಗೂ ಉದ್ದ ಬ್ರಷ್ ಆಡಿಸಿ, ಸಾಲ್ವೆಂಟ್ ಹಾಕಿ, ಗಾಳಿ ಹೊಡೆಯಿರಿ. ಬಿಳಿ ಬಟ್ಟೆ ತೂರಿಸಿ ತೆಗೆದರೆ ಬಿಳಿಯಾಗೇ ಬರಬೇಕು. ಸಿಲಿಂಡರುಗಳನ್ನು ಸೋಪು, ಬಿಸಿನೀರಲ್ಲಿ ತೊಳೆದು ಕೂಡಲೇ ಒರೆಸಿ ಆಯಿಲ್ ಸವರಿ. ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ.

ಈಗ ಅಳತೆ. ಕ್ರ್ಯಾಂಕ್‌ನ ಪ್ರತಿ ಜರ್ನಲ್ಲನ್ನೂ (ಬೇರಿಂಗಿನೊಳಗೆ ಕೂರುವ ಭಾಗ) ಎರಡು ಕಡೆ, ಎರಡು ದಿಕ್ಕಿನಲ್ಲಿ ಅಳೆಯಿರಿ. ಬೇರಿಂಗುಗಳನ್ನು ಕೇಸಿನಲ್ಲಿ ಇಟ್ಟು, ಕೇಸನ್ನು ಪೂರ್ತಿ ಟಾರ್ಕಿಗೆ ಬಿಗಿದು, ಒಳವ್ಯಾಸ ತೆಗೆದುಕೊಳ್ಳಿ. ಎರಡರ ವ್ಯತ್ಯಾಸವೇ ಸಂದು. ಡಬ್ಬಿಯ ಮೇಲೆ ‘ಸ್ಟ್ಯಾಂಡರ್ಡ್’ ಎಂದು ಬರೆದಿದೆ ಎಂದು ಅಳೆಯದೆ ಬಿಡಬೇಡಿ. ಪ್ಯಾಕ್ ಮಾಡುವವರ ಕೈಯಲ್ಲಿ ಡಬ್ಬಿ ಅದಲುಬದಲು ಆಗುವುದುಂಟು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಮಾಡಿ. ಕೈಪಿಡಿಯ ಅಂಕಿ, ನಾನು ಅಳೆದ ಅಂಕಿ, ಮಾರನೆಯ ದಿನ ಮತ್ತೆ ಅಳೆದ ಅಂಕಿ. ಎರಡು ದಿನದ ಅಂಕಿ ಹೊಂದದಿದ್ದರೆ ನಿಮ್ಮ ಅಳೆಯುವ ಕೈ ಇನ್ನೂ ಪಳಗಿಲ್ಲ ಎಂದರ್ಥ. ಪಳಗುವವರೆಗೆ ಮುಂದೆ ಹೋಗಬೇಡಿ. ಮೈಕ್ರೋಮೀಟರ್ ಹಿಡಿಯುವುದು ಕೂಡ ಅಭ್ಯಾಸದಿಂದ ಬರುವ ಕೆಲಸವೇ. ಗ್ಯಾರೇಜಿನ ಚಳಿಯೂ ಲೆಕ್ಕಕ್ಕೆ ಬರುತ್ತದೆ. ಮನೆಯೊಳಗಿಂದ ತಂದ ಮೈಕ್ರೋಮೀಟರಿನಿಂದ ಹೊರಗೆ ಮರಗಟ್ಟಿದ ಕ್ರ್ಯಾಂಕ್ ಅಳೆದರೆ ಅಂಕಿ ಸರಿ ಬರುವುದಿಲ್ಲ. ಎರಡೂ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇರಲಿ.

ಕ್ರ್ಯಾಂಕ್ ಮೇಲೆ ಗೇರುಗಳನ್ನು ಕಾಯಿಸಿ ಕೂರಿಸಬೇಕು. ಅದಕ್ಕೆ ಮುಂಚೆ ಮೂರನೇ ನಂಬರಿನ ಬೇರಿಂಗ್ ಒಳಗೆ ಹೋಗಿರಲೇಬೇಕು. ಅದು ಇಡೀ ಬಳೆ, ಆಮೇಲೆ ಹಾಕಲು ದಾರಿಯೇ ಇಲ್ಲ. ಹಾಕುವಾಗ ಅದರ ಲೊಕೇಟಿಂಗ್ ತೂತು (ಕೇಸಿನ ಪಿನ್ನು ಕೂರುವ ತೂತು) ಯಾವ ಕಡೆ ಬರಬೇಕೆಂದು ಕೇಸ್ ನೋಡಿ ಖಚಿತ ಮಾಡಿಕೊಳ್ಳಿ. ಪ್ರೊಪೆಲರ್ ಹಬ್ ಕೂಡ ಹೀಗೇ ಕಾದು ಹಿಗ್ಗಿದಾಗ ಜಾರಿ ಕೂತು, ಆರಿದಾಗ ಹಿಡಿದುಕೊಳ್ಳುತ್ತದೆ. ಓವನ್ನಿನಿಂದ ತೆಗೆದ ಮೇಲೆ ನಿಮಗೆ ಸಿಗುವುದು ಕೆಲವೇ ಸೆಕೆಂಡು. ಅರ್ಧ ದಾರಿಯಲ್ಲಿ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದಕ್ಕೇ ತಣ್ಣಗಿರುವಾಗಲೇ ಕೀ ಸರಿಯಾಗಿ ಕೂರುತ್ತದೆಯೇ ನೋಡಿ. ಕ್ರ್ಯಾಂಕನ್ನು ನೆಟ್ಟಗೆ ನಿಲ್ಲಿಸಿ ಭದ್ರ ಮಾಡಿ. ದಪ್ಪ ಕೈಗವಸು ಹಾಕಿಕೊಂಡೇ, ಹಬ್ ಕಾಯಿಸುವ ಮುಂಚೆ ಒಂದೆರಡು ಸಲ ಅಭಿನಯಿಸಿ ನೋಡಿ. ಶಾಖ ಕೈಪಿಡಿ ಹೇಳಿದಷ್ಟೇ ಇರಲಿ. ಕೂತ ಮೇಲೆ ಡಯಲ್ ಗೇಜ್ ಇಟ್ಟು ಹಬ್ ಓಲಾಡುತ್ತಿದೆಯೇ ಎಂದು ಅಳೆದು ಬರೆದುಕೊಳ್ಳಿ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್‌ಗಳಲ್ಲಿ ಒಂದು ಹಳೆಯ ಕೈಚಳಕ ಇದೆ. ನಟ್ಟು ಬಿಗಿಯುವಾಗ ರಾಡಿನ ಎರಡು ಅರ್ಧಗಳು ಸ್ವಲ್ಪ ಓರೆಯಾಗಿ ಹಿಡಿದುಕೊಳ್ಳುವುದುಂಟು. ಸಣ್ಣ ಸುತ್ತಿಗೆಯಿಂದ ಎರಡೂ ಬದಿಗೆ ಮೆಲ್ಲಗೆ ತಟ್ಟಿದರೆ ಸರಿಹೋಗುತ್ತದೆ. ಆಯಿಲ್ ಹಾಕಿ ರಾಡನ್ನು ಮೇಲಕ್ಕೆತ್ತಿ ಬಿಟ್ಟರೆ ತನ್ನ ತೂಕಕ್ಕೆ ತಾನೇ ನಿಧಾನವಾಗಿ ಕೆಳಗೆ ಬರಬೇಕು. ಪಕ್ಕದ ಸಂದು 0.1ರಿಂದ 0.4 ಮಿ.ಮೀ. ಒಳಗಿರಲಿ. ಇಲ್ಲಿ ಹಾಗೂ ಮುಂದೆ ನಾನು ಕೊಡುವ ಅಂಕಿಗಳು ಬೀಟಲ್ ಎಂಜಿನ್ನಿನವು. ನಿಮ್ಮ ಕಿಟ್ಟಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ನೀವು ಕೇಳಿದ ‘ತಪ್ಪಾಗುವುದು ಎಲ್ಲಿ’ ಎಂಬುದಕ್ಕೆ ನನ್ನ ಉತ್ತರ ಒಂದೇ: ಕೇಸಿನ ಎರಡು ಹೋಳು ಮುಚ್ಚುವಾಗ. ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ.

ಮುಖ್ಯ ಬೇರಿಂಗುಗಳು ತಿರುಗದಂತೆ ಕೇಸಿನಲ್ಲಿ ಸಣ್ಣ ಸಣ್ಣ ಪಿನ್ನುಗಳಿವೆ. ಬೇರಿಂಗಿನ ತೂತು ಆ ಪಿನ್ನಿನ ಮೇಲೆ ಕೂರಬೇಕು. ಕ್ರ್ಯಾಂಕ್ ಸಮೇತ ಇಳಿಸುವಾಗ ತೂತು ಕೆಳಗೆ ಮರೆಯಾಗುತ್ತದೆ, ಕಾಣುವುದಿಲ್ಲ. ಕೂತಿದೆ ಎಂದುಕೊಂಡು ಬಿಗಿದರೆ ಪಿನ್ನು ಬೇರಿಂಗಿನ ಬೆನ್ನಿಗೆ ಒತ್ತಿ, ಒಳಮುಖದಲ್ಲಿ ಉಬ್ಬು ಎದ್ದುಬಿಡುತ್ತದೆ. ಹೀಗೆ ಕೆಟ್ಟ ಎಂಜಿನ್ ಬಿಚ್ಚಿ ನೋಡಿದ್ದೇನೆ. ಬೇರಿಂಗಿನ ಹೊಳಪಿನ ಮೇಲೆ ಕಡಲೆ ಕಾಳಿನಗಲದ ಒಂದೇ ಒಂದು ಉಜ್ಜಿದ ಗುರುತು. ಮಿಕ್ಕಿದ್ದೆಲ್ಲ ಹೊಸದರಂತೆಯೇ ಇತ್ತು. ಅಷ್ಟು ಸಾಕು, ಕ್ರ್ಯಾಂಕ್ ಹಾಳು.

ತಪ್ಪಿಸಲು ಸುಲಭದ ದಾರಿ ಇದೆ. ಕ್ರ್ಯಾಂಕ್ ಇಲ್ಲದೆ ಬರೀ ಬೇರಿಂಗನ್ನು ಪಿನ್ನಿನ ಮೇಲೆ ಕೂರಿಸಿ. ಕೇಸಿನ ಅಂಚು ಬೇರಿಂಗಿಗೆ ಸೇರುವ ಜಾಗದಲ್ಲಿ ಬೇರಿಂಗಿನ ಮೇಲೆ ಸಣ್ಣ ಗೆರೆ ಎಳೆಯಿರಿ. ಆಮೇಲೆ ಕ್ರ್ಯಾಂಕ್ ಸಮೇತ ಇಟ್ಟಾಗ ಆ ಗೆರೆ ಅಂಚಿಗೆ ಸರಿಯಾಗಿ ಬಂದರೆ ಪಿನ್ನು ಕೂತಿದೆ. ಬೇರಿಂಗನ್ನು ಬೆರಳಿನಿಂದ ಹಿಂದೆ ಮುಂದೆ ಅಲ್ಲಾಡಿಸಿ ನೋಡಿ, ಅಲುಗಬಾರದು.

ಕ್ಯಾಮ್ ಇಡುವಾಗ ಅದರ ಗೇರಿನ ಒಂದು ಚುಕ್ಕಿ ಕ್ರ್ಯಾಂಕ್ ಗೇರಿನ ಎರಡು ಚುಕ್ಕಿಗಳ ನಡುವೆ ಬರಬೇಕು. ಬಂತೇ? ಈಗ ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿ, ಕ್ಯಾಮ್ ಕಡೆ ಕಣ್ಣಿಡಿ. ಗೇರು ಜಾಸ್ತಿ ಬಿಗಿಯಾಗಿದ್ದರೆ ಕ್ಯಾಮ್ ತನ್ನ ಜಾಗದಿಂದ ಮೆಲ್ಲಗೆ ಎದ್ದು ಬರುತ್ತದೆ. ಹಾಗಾದರೆ ಒಂದು ನಂಬರ್ ಸಣ್ಣ ಗೇರು ಬೇಕು. ಈ ಗೇರುಗಳ ಹಿಂಭಾಗದಲ್ಲಿ ಸೊನ್ನೆ, ಪ್ಲಸ್ ಒಂದು, ಮೈನಸ್ ಒಂದು ಎಂದು ಅಚ್ಚು ಹಾಕಿರುತ್ತಾರೆ.

ಹೋಳುಗಳ ನಡುವೆ ಗ್ಯಾಸ್ಕೆಟ್ ಇಲ್ಲ. ಸೀಲಂಟ್ ತೀರಾ ತೆಳುವಾಗಿ ಸವರಬೇಕು. ಹೆಚ್ಚಾದದ್ದು ಒಳಕ್ಕೆ ಹಿಂಡಿ ಬಂದು ಆಯಿಲ್ ತೂತು ಮುಚ್ಚುತ್ತದೆ. ಇಲ್ಲಿ ಇನ್ನೊಬ್ಬರು ಬೇಕೇ ಬೇಕು. ಮೇಲಿನ ಹೋಳಿನ ಟ್ಯಾಪೆಟ್‌ಗಳು ಜಾರಿ ಬೀಳದಂತೆ ಗ್ರೀಸ್ ಹಚ್ಚಿ ಹಿಡಿಸಿರಬೇಕು, ಆ ಕಡೆಯ ಎರಡು ರಾಡ್‌ಗಳು ಅದರದೇ ಕಿಂಡಿಯಿಂದ ಮೇಲೆ ಬರಬೇಕು, ಹೋಳು ಸಮನಾಗಿ ಇಳಿಯಬೇಕು. ಇಷ್ಟೆಲ್ಲ ಎರಡು ಕೈಗೆ ಆಗುವುದಿಲ್ಲ. ಜೊತೆಗಿರುವವರಿಗೆ ಎಂಜಿನ್ ಗೊತ್ತಿರಬೇಕೆಂದಿಲ್ಲ. ಹೇಳಿದಾಗ ಹಿಡಿಯುವ, ಏನೋ ಸರಿ ಕಾಣಲಿಲ್ಲ ಎಂದರೆ ನಿಲ್ಲಿಸು ಎನ್ನುವ ಒಬ್ಬರು ಸಾಕು.

ನಟ್ಟುಗಳನ್ನು ಕೈಪಿಡಿಯ ಕ್ರಮದಲ್ಲಿ, ಹಂತಹಂತವಾಗಿ ಬಿಗಿಯಿರಿ. ಪ್ರತಿ ಹಂತದ ನಂತರ ಕ್ರ್ಯಾಂಕ್ ತಿರುಗಿಸಿ ನೋಡಿ. ಇದು ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ. ಪಿಸ್ಟನ್ ಇನ್ನೂ ಹಾಕಿರುವುದಿಲ್ಲ, ಹಾಗಾಗಿ ಕ್ರ್ಯಾಂಕ್ ಹಗುರವಾಗಿ ತಿರುಗಬೇಕು. ಯಾವುದೋ ಒಂದು ನಟ್ಟು ಬಿಗಿದಾಗ ತಿರುಗುವುದು ಭಾರವಾಯಿತು ಅನ್ನಿಸಿದರೆ ಅಲ್ಲೇ ನಿಲ್ಲಿ. ‘ಓಡಿದ ಮೇಲೆ ಸಡಿಲ ಆಗುತ್ತೆ ಬಿಡಿ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸೀಲಂಟ್ ಹಾಳಾದರೆ ಹಾಳಾಗಲಿ. ಬಿಚ್ಚಿ, ಒರೆಸಿ, ಕಾರಣ ಹುಡುಕಿ.

ಟಾರ್ಕ್ ಲೆಕ್ಕದಲ್ಲಿ ನಮ್ಮ ಕಡೆ ಓದಿದವರಿಗೆ ಒಂದು ಬಲೆ ಇದೆ. ಅಮೆರಿಕದ ಕೈಪಿಡಿಯಲ್ಲಿ ಫುಟ್ ಪೌಂಡ್, ನಮ್ಮ ತಲೆಯಲ್ಲಿ ನ್ಯೂಟನ್ ಮೀಟರ್. ಕೇಸಿನ ದೊಡ್ಡ ಸ್ಟಡ್‌ಗೆ 25 ಫುಟ್ ಪೌಂಡ್, ಅಂದರೆ 34 ನ್ಯೂಟನ್ ಮೀಟರ್. ತಪ್ಪಿ 34 ಫುಟ್ ಪೌಂಡ್ ಹಾಕಿದರೆ 46 ನ್ಯೂಟನ್ ಮೀಟರ್ ಆಗುತ್ತದೆ. ಮೆಗ್ನೀಷಿಯಂ ಕೇಸಿನಿಂದ ಸ್ಟಡ್ ಎಳೆಗಳ ಸಮೇತ ಎದ್ದು ಬರಬಹುದು. ಕೆಲಸ ಶುರುವಾಗುವ ಮುಂಚೆ ಒಂದೇ ಮಾನ ಆರಿಸಿ, ಎಲ್ಲ ಅಂಕಿಗಳನ್ನೂ ಅದಕ್ಕೇ ಬದಲಾಯಿಸಿ, ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಎಳೆಗಳಿಗೆ ಆಯಿಲ್ ಹಾಕಬೇಕೋ, ಒಣಗಿರಬೇಕೋ ಎಂಬುದನ್ನೂ ಕೈಪಿಡಿಯಲ್ಲಿ ನೋಡಿ. ಆಯಿಲ್ ಇದ್ದರೆ ಅದೇ ಟಾರ್ಕಿಗೆ ಬೋಲ್ಟು ಜಾಸ್ತಿ ಎಳೆಯುತ್ತದೆ.

ಕೇಸ್ ಮುಚ್ಚಿದ ಮೇಲೆ ಎಂಡ್ ಪ್ಲೇ. ಕ್ರ್ಯಾಂಕ್ ಉದ್ದುದ್ದಕ್ಕೆ ಎಷ್ಟು ಜರುಗುತ್ತದೆ ಎಂಬ ಅಳತೆ ಇದು. ಫ್ಲೈವೀಲ್ ಹಿಂದೆ ಮೂರು ಶಿಮ್ (ತೆಳು ಲೋಹದ ಬಳೆ) ಹಾಕಿ 0.07ರಿಂದ 0.13 ಮಿ.ಮೀ. ಒಳಗೆ ತರಬೇಕು. ಪ್ರೊಪೆಲರ್ ಇಡೀ ಕ್ರ್ಯಾಂಕನ್ನು ಮುಂದಕ್ಕೆ ಎಳೆಯುತ್ತಿರುವುದರಿಂದ ಈ ಅಂಕಿಗೆ ಕಾರಿಗಿಂತ ಇಲ್ಲಿ ತೂಕ ಜಾಸ್ತಿ.

ಪಿಸ್ಟನ್ ರಿಂಗ್‌ಗಳನ್ನು ಒಂದೊಂದಾಗಿ ಅದರದೇ ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿಂದ ನೇರವಾಗಿ ತಳ್ಳಿ, ಬಾಯಿಯ ಸಂದು ನೋಡಿ. ಕಂಪ್ರೆಷನ್ ರಿಂಗಿಗೆ 0.30ರಿಂದ 0.45 ಮಿ.ಮೀ. ಕಡಿಮೆ ಇದ್ದರೆ ಬಿಸಿಗೆ ಹಿಗ್ಗಿ ಎರಡು ತುದಿ ಗುದ್ದಾಡಿ ಸಿಲಿಂಡರ್ ಗೀರುತ್ತವೆ. ಪಿಸ್ಟನ್ ಮೇಲಿನ ಬಾಣ ಫ್ಲೈವೀಲ್ ಕಡೆ ಇರಬೇಕು. ನಿಮ್ಮ ವಿಮಾನದಲ್ಲಿ ಅದು ಪೈಲಟ್ ಕಡೆ ಆಗುತ್ತದೆ. ಬಾಣ ಅಂದರೆ ಮುಂದಕ್ಕೆ ಎಂದುಕೊಂಡು ಪ್ರೊಪೆಲರ್ ಕಡೆ ಇಟ್ಟುಬಿಡಬೇಡಿ.

ಕಂಪ್ರೆಷನ್ ಅನುಪಾತವನ್ನು, ಅಂದರೆ ಸಿಲಿಂಡರಿನ ಅನಿಲ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದನ್ನು, ಅಂದಾಜಿಗೆ ಬಿಡಬೇಡಿ, ಲೆಕ್ಕ ಹಾಕಿ. ಸಿಲಿಂಡರ್ ಹೆಡ್ಡನ್ನು ತಲೆಕೆಳಗಾಗಿಟ್ಟು, ವಾಲ್ವ್, ಪ್ಲಗ್ ಹಾಕಿ, ಸಣ್ಣ ತೂತಿರುವ ದಪ್ಪ ಪ್ಲಾಸ್ಟಿಕ್ ಗಾಜನ್ನು ಗ್ರೀಸ್ ಹಚ್ಚಿ ಮುಚ್ಚಿ. ಸಿರಿಂಜಿನಿಂದ ಬಣ್ಣದ ಸಾಲ್ವೆಂಟ್ ಬಿಡಿ. ಗುಳ್ಳೆ ಇಲ್ಲದೆ ತುಂಬಿದಾಗ ಎಷ್ಟು ಸಿಸಿ ಹೋಯಿತೋ ಅದೇ ಚೇಂಬರಿನ (ಇಂಧನ ಉರಿಯುವ ಜಾಗದ) ಅಳತೆ. ಉದಾಹರಣೆಗೆ 64 ಸಿಸಿ ಬಂತು ಅನ್ನಿ. ಒಂದು ಸಿಲಿಂಡರಿನ ಪಾಲು 545 ಸಿಸಿ. ಅನುಪಾತ 8 ಬೇಕೆಂದರೆ ಮೇಲೆ ಉಳಿಯಬೇಕಾದ ಒಟ್ಟು ಜಾಗ 545 ಭಾಗಿಸು 7, ಅಂದರೆ 78 ಸಿಸಿ. ಹೆಡ್ಡಿನಲ್ಲಿ 64 ಹೋದರೆ ಉಳಿದ 14 ಸಿಸಿ ಪಿಸ್ಟನ್ ಮೇಲಿನ ಸಂದಿನಲ್ಲಿ ಬರಬೇಕು. 92 ಮಿ.ಮೀ. ವ್ಯಾಸಕ್ಕೆ ಆ ಸಂದು 2.1 ಮಿ.ಮೀ. ಸಿಲಿಂಡರ್ ಬುಡದ ಶಿಮ್ಮಿನಿಂದ ಅದನ್ನು ಹೊಂದಿಸುತ್ತೀರಿ. ಬರೀ 1 ಮಿ.ಮೀ. ಕಡಿಮೆ ಮಾಡಿದರೂ ಅನುಪಾತ 8ರಿಂದ 8.6ಕ್ಕೆ ಹಾರುತ್ತದೆ. ಬೇಸಿಗೆಯ ಮಧ್ಯಾಹ್ನ ಪೂರ್ತಿ ಥ್ರಾಟಲ್‌ನಲ್ಲಿ ಏರುವಾಗ ಎಂಜಿನ್ ನಾಕ್ ಆಗತೊಡಗಿದರೆ, ಅಂದರೆ ಇಂಧನ ಹದ ತಪ್ಪಿ ಸಿಡಿದು ಬಡಿಯತೊಡಗಿದರೆ, ಪ್ರೊಪೆಲರ್ ಸದ್ದಿನಲ್ಲಿ ಅದು ನಿಮಗೆ ಕೇಳಿಸುವುದಿಲ್ಲ. ಪಿಸ್ಟನ್ ತೂತಾದ ಮೇಲೆ ಗೊತ್ತಾಗುತ್ತದೆ. ಅದಕ್ಕೇ ನಾಲ್ಕೂ ಸಿಲಿಂಡರುಗಳನ್ನು ಅಳೆದು ಒಂದೇ ಸಮ ಮಾಡಿ.

ಹೆಡ್ಡುಗಳನ್ನು ಎರಡು ಸುತ್ತಿನಲ್ಲಿ ಬಿಗಿಯುವುದು, ವಾಲ್ವ್ ಸಂದು ತಣ್ಣಗಿರುವಾಗ 0.15 ಮಿ.ಮೀ. ಇಡುವುದು, ಫೈರಿಂಗ್ ಕ್ರಮ 1-4-3-2, ಇದೆಲ್ಲ ಕೈಪಿಡಿಯಲ್ಲಿ ಚೆನ್ನಾಗಿ ಬರೆದಿದೆ. ಓದಿಕೊಂಡು ಮಾಡಿ, ತೊಂದರೆ ಆಗದು.

ಇಷ್ಟೂ ಓದಿ ‘ಸಾಕಪ್ಪಾ’ ಅನ್ನಿಸಿತೇ? ಹಾಗಿದ್ದರೆ ರೆಡಿ ಎಂಜಿನ್ ಕೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಉಳಿಸುವುದೊಂದೇ ಕಾರಣವಾದರೆ ಜೋಡಿಸುವ ಕೆಲಸಕ್ಕೆ ಕೈ ಹಾಕಬೇಡಿ ಎಂದೇ ಹೇಳುತ್ತೇನೆ. ಒಳ್ಳೆಯ ಅಳತೆ ಉಪಕರಣಗಳು, ಬದಲಾಯಿಸಬೇಕಾದ ಭಾಗಗಳು ಉಳಿತಾಯದ ಒಂದಷ್ಟನ್ನು ತಿಂದುಹಾಕುತ್ತವೆ. ಜೋಡಿಸಿದವರಿಗೆ ಸಿಗುವ ಲಾಭ ಬೇರೆ. ಮುಂದೆ ಒಂದು ದಿನ ಆಯಿಲ್ ಪ್ರೆಷರ್ ಮುಳ್ಳು ಸ್ವಲ್ಪ ಇಳಿದು ನಿಂತಾಗ ಒಳಗೆ ಯಾವ ಯಾವ ಜಾಗ ಕಾರಣವಾಗಿರಬಹುದು ಎಂದು ನಿಮಗೆ ಗೊತ್ತಿರುತ್ತದೆ. ಅದು ಬೇಕು ಅನ್ನಿಸಿದರೆ ಜೋಡಿಸಿ. ಅಮೆರಿಕದ ಹವ್ಯಾಸಿ ವಿಮಾನ ಕಟ್ಟುವವರ ಸಂಘ ಇಎಎ, 1953ರಲ್ಲಿ ಶುರುವಾದದ್ದು. ಅದರ ಟೆಕ್ನಿಕಲ್ ಕೌನ್ಸೆಲರ್‌ಗಳು ದುಡ್ಡು ತೆಗೆದುಕೊಳ್ಳದೆ ಮನೆಗೆ ಬಂದು ಕೆಲಸ ನೋಡುತ್ತಾರೆ. ಕೇಸ್ ಮುಚ್ಚುವ ಮುಂಚೆ ಒಬ್ಬರನ್ನು ಕರೆಸಿ, ಮುಚ್ಚಿದ ಮೇಲೆ ಕರೆದರೆ ಅವರಿಗೆ ನೋಡಲು ಏನೂ ಇರುವುದಿಲ್ಲ.

ಮೊದಲ ಸಲ ಓಡಿಸುವುದು. ಪ್ಲಗ್‌ಗಳನ್ನು ತೆಗೆದು, ಇಗ್ನಿಷನ್ ಆಫ್ ಇಟ್ಟು, ಸ್ಟಾರ್ಟರಿನಿಂದ ತಿರುಗಿಸಿ ಆಯಿಲ್ ಪ್ರೆಷರ್ ಬರುವುದನ್ನು ಕಣ್ಣಾರೆ ನೋಡಿ. ಆಮೇಲೆ ಪ್ಲಗ್ ಹಾಕಿ. ವಿಮಾನದ ಬಾಲವನ್ನು ಕಟ್ಟಿ, ಚಕ್ರಕ್ಕೆ ಅಡ್ಡ ಇಟ್ಟು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಒಬ್ಬರನ್ನು ಪ್ರೊಪೆಲರ್ ಸುತ್ತಿನಿಂದ ದೂರ ನಿಲ್ಲಿಸಿ. ಸ್ಟಾರ್ಟ್ ಆದ ಅರ್ಧ ನಿಮಿಷದೊಳಗೆ ಪ್ರೆಷರ್ ಬರದಿದ್ದರೆ ನಿಲ್ಲಿಸಿ. ನಾಲ್ಕೂ ಹೆಡ್ಡಿಗೆ ತಾಪಮಾಪಕ ಇರಲಿ. ನೆಲದ ಮೇಲೆ ಗಾಳಿ ಸಾಲದು, ಹಾಗಾಗಿ ಅಂಕಿ ಮಿತಿಗೆ ಹತ್ತಿರವಾದ ಕೂಡಲೇ ನಿಲ್ಲಿಸಿ, ಪೂರ್ತಿ ಆರಲು ಬಿಟ್ಟು ಮತ್ತೆ ಓಡಿಸಿ. ಸುಮ್ನೆ ಐಡಲ್‌ನಲ್ಲಿ ಗಂಟೆಗಟ್ಟಲೆ ಓಡಿಸುವುದೂ ಬೇಡ. ಸಿಲಿಂಡರಿನ ಒಳಗೋಡೆಗೆ ಬೇಕೆಂದೇ ಗೀರಿದ ಹೋನಿಂಗ್ ಗೆರೆಗಳ ಮೇಲೆ ಆಯಿಲ್ ಸುಟ್ಟು ಗಾಜಿನಂತೆ ಹೊಳಪಾದರೆ ರಿಂಗ್ ಎಂದಿಗೂ ಸರಿಯಾಗಿ ಕೂರುವುದಿಲ್ಲ. ಆಯಿಲ್ ಆರಿಸುವಾಗ ಸತುವಿನ ಅಂಶ ಜಾಸ್ತಿ ಇರುವುದನ್ನೇ ನೋಡಿ. ಈಗಿನ ಕಾರುಗಳ ಆಯಿಲ್‌ನಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಇಂಥ ಚಪ್ಪಟೆ ಟ್ಯಾಪೆಟ್ ಎಂಜಿನ್ನಿಗೆ ಅದು ಬೇಕು.

ಎಂಜಿನ್ ಎಷ್ಟು ಚೆನ್ನಾಗಿದ್ದರೂ ಪೆಟ್ರೋಲ್ ಬರದಿದ್ದರೆ ನಿಲ್ಲುತ್ತದೆ. ಹವ್ಯಾಸಿ ವಿಮಾನಗಳ ಮೊದಲ ಹಾರಾಟಗಳಲ್ಲಿ ಇಂಧನ ವ್ಯವಸ್ಥೆಯದು ಹಳೆಯ ಕಾಟ. ವಿಮಾನವನ್ನು ಕಡಿದಾಗಿ ಏರುವ ಕೋನಕ್ಕೆ ಮೂತಿ ಎತ್ತಿ ನಿಲ್ಲಿಸಿ. ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಇರಲಿ. ಕಾರ್ಬುರೇಟರ್ ಪೈಪ್ ಬಿಚ್ಚಿ ಡಬ್ಬಿಗೆ ಹಿಡಿದು ಗಡಿಯಾರ ನೋಡಿ. ಇಳಿಜಾರಿನಲ್ಲಿ ತಾನಾಗಿ ಹರಿಯುವ ವ್ಯವಸ್ಥೆಯಾದರೆ ಪೂರ್ತಿ ಶಕ್ತಿಗೆ ಬೇಕಾದ್ದರ ಒಂದೂವರೆ ಪಟ್ಟು ಬರಬೇಕು. ಎಂಜಿನ್ ಗಂಟೆಗೆ 25 ಲೀಟರ್ ಕುಡಿಯುತ್ತದೆ ಅಂದರೆ ಡಬ್ಬಿಗೆ ನಿಮಿಷಕ್ಕೆ 625 ಮಿಲಿಲೀಟರ್ ಬೀಳಬೇಕು. ಬರದಿದ್ದರೆ ಪೈಪಿನ ತಿರುವು, ಟ್ಯಾಂಕಿನ ಗಾಳಿ ತೂತು, ಫಿಲ್ಟರ್ ಮೂರನ್ನೂ ನೋಡಿ.

ಮೊದಲ ಕೆಲವು ಓಟಗಳ ನಂತರ, ಎಂಜಿನ್ ಪೂರ್ತಿ ತಣ್ಣಗಾದಾಗ, ಹೆಡ್ಡಿನ ಟಾರ್ಕ್, ವಾಲ್ವ್ ಸಂದು ಎರಡನ್ನೂ ಮತ್ತೆ ನೋಡಿ. ಪ್ರತಿ ಸಲ ಆಯಿಲ್ ಬದಲಾಯಿಸಿದಾಗ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಹೊಸ ಎಂಜಿನ್ನಿನಲ್ಲಿ ಸಣ್ಣ ಮಿನುಗು ಇದ್ದೇ ಇರುತ್ತದೆ. ಬಿಡಿಬಿಡಿಯಾಗಿ ಎಣಿಸಬಹುದಾದ ಚೂರು ಸಿಕ್ಕರೆ ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕ್ಯಾಮ್, ಟ್ಯಾಪೆಟ್, ರಿಂಗ್ ಕಡೆಯದು. ಅಂಟದಿದ್ದರೆ ಬೇರಿಂಗ್ ಅಥವಾ ಪಿಸ್ಟನ್ ಕಡೆಯದು. ಎಲ್ಲಿಂದ ಬಂತೆಂದು ಗೊತ್ತಾಗುವವರೆಗೆ ವಿಮಾನ ಹ್ಯಾಂಗರಿನಲ್ಲೇ ಇರಲಿ. ಜರ್ನಲ್‌ಗಳ ಅಳತೆ ಮುಗಿದ ಮೇಲೆ ನಿಮ್ಮ ನೋಟ್‌ಬುಕ್ಕಿನ ಆ ಪುಟದ ಫೋಟೋ ಕಳಿಸಿ. ಕೇಸ್ ಮುಚ್ಚುವ ಮುಂಚೆ ನಾನೂ ಒಮ್ಮೆ ನೋಡುತ್ತೇನೆ.